ಮಧ್ಯವರ್ತಿ ಇಲ್ಲದ ಮಾರುಕಟ್ಟೆ

ಡಿಜಿಟಲ್ ತಂತ್ರಜ್ಞಾನ ಕಾಲಿಟ್ಟಲ್ಲಿ ಮಧ್ಯವರ್ತಿಗೆ ಜಾಗವಿಲ್ಲ ಎಂಬುದು ಇಂದಿನ ಆರ್ಥಿಕ ಚರ್ಚೆಗಳಲ್ಲಿ ಬಹುತೇಕ ಯಾರೂ ಪ್ರಶ್ನಿಸದ ನಂಬಿಕೆ. ಸರ್ಕಾರದ ಪ್ರಕಟಣೆಗಳು, ನವೋದ್ಯಮಗಳ ಜಾಹೀರಾತುಗಳು, ರೈತ ಸಂಘಟನೆಗಳ ಬೇಡಿಕೆಗಳು ಬೇರೆಲ್ಲ ವಿಷಯಗಳಲ್ಲಿ ಒಂದೊಂದು ದಿಕ್ಕಿಗೆ ಎಳೆದರೂ ಈ ಒಂದರಲ್ಲಿ ದನಿಗೂಡಿಸುತ್ತವೆ. ವಾದ ಸರಳವಾಗಿದೆ. ಬೆಳೆದವನಿಗೆ ಕೊಳ್ಳುವವನ ಪರಿಚಯವಿಲ್ಲ, ಪಕ್ಕದ ಊರಿನ ಧಾರಣೆ ತಿಳಿಯದು. ಈ ಅರಿವಿನ ಕೊರತೆಯ ಮೇಲೆಯೇ ದಲ್ಲಾಳಿಯ ಬದುಕು ನಿಂತಿದೆ. ಅಂಗೈಯಲ್ಲಿರುವ ಮೊಬೈಲು ಆ ಕೊರತೆಯನ್ನು ನೀಗಿಸಿದರೆ ದಲ್ಲಾಳಿಗೆ ಮಾಡಲು ಕೆಲಸವಿರುವುದಿಲ್ಲ. ಅವನ ಕೈಗೆ ಹೋಗುತ್ತಿದ್ದ ಪಾಲು ಬೆಳೆಗಾರನಿಗೂ ಗ್ರಾಹಕನಿಗೂ ಹಂಚಿಕೆಯಾಗುತ್ತದೆ. ಯಾರಿಗೂ ನಷ್ಟವಿಲ್ಲ, ದಲ್ಲಾಳಿಯೊಬ್ಬನನ್ನು ಬಿಟ್ಟು. ಅವನ ಪರವಾಗಿ ಕಣ್ಣೀರು ಹಾಕುವವರು ಹೇಗೂ ಕಡಿಮೆ.

ಈ ನಂಬಿಕೆ ಬರೀ ಘೋಷಣೆಯಲ್ಲ, ಇದರ ಬೆನ್ನಿಗೆ ಗಟ್ಟಿಯಾದ ಪುರಾವೆಗಳಿವೆ. 1997ರಿಂದ 2001ರವರೆಗೆ ಕೇರಳದ ಉತ್ತರ ಕರಾವಳಿಗೆ ಮೊಬೈಲ್ ಸಂಪರ್ಕ ಹಂತಹಂತವಾಗಿ ಬಂದಾಗ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಬೂತಾಯಿ ಮೀನಿನ ವ್ಯಾಪಾರವನ್ನು ಅಧ್ಯಯನ ಮಾಡಿದರು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಕಡಲಿಗೇ ಸುರಿಯುತ್ತಿದ್ದರೆ, ಕೆಲವೇ ಮೈಲಿ ದೂರದ ಇನ್ನೊಂದು ದಡದಲ್ಲಿ ಮೀನಿಲ್ಲದೆ ಖರೀದಿದಾರರು ಬರಿಗೈಯಲ್ಲಿ ಮರಳುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯವರು ನೀರಿನ ಮೇಲಿದ್ದಾಗಲೇ ದರ ವಿಚಾರಿಸಿ ದಡವನ್ನು ಆರಿಸಿಕೊಂಡರು. ದಡದಿಂದ ದಡಕ್ಕಿದ್ದ ದರದ ಅಂತರ ಕುಗ್ಗಿತು, ಮೀನು ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಗ್ರಾಹಕರು ಕೊಡುವ ಬೆಲೆ ಶೇ 4ರಷ್ಟು ಇಳಿಯಿತು. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆ ಎಪಿಎಂಸಿಗಳನ್ನು ಒಂದು ಆನ್‌ಲೈನ್ ಹರಾಜು ವ್ಯವಸ್ಥೆಗೆ ಜೋಡಿಸಿತು. ಅದರ ಪರಿಣಾಮವನ್ನು ಅಳೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭತ್ತದ ಮಾದರಿ ಧಾರಣೆ ಸುಮಾರು ಶೇ 5ರಷ್ಟು, ಶೇಂಗಾ ಮತ್ತು ಮೆಕ್ಕೆಜೋಳದ್ದು ಸುಮಾರು ಶೇ 3.5ರಷ್ಟು ಹೆಚ್ಚಿತು. ಕೃಷಿಯಂಥ ಕಡಿಮೆ ಲಾಭದ ಕಸುಬಿನಲ್ಲಿ ಇವು ಸಣ್ಣ ಅಂಕಿಗಳಲ್ಲ.

ಆದರೆ ಈ ಪುರಾವೆಗಳು ಯಾವುದನ್ನು ತೋರಿಸುತ್ತವೆ ಎಂದು ನಿಧಾನವಾಗಿ ನೋಡಬೇಕು. ಮಾಹಿತಿ ಬೇಗ ತಲುಪಿದರೆ ದರಗಳು ಸಮೀಪಿಸುತ್ತವೆ, ಮಾಲು ಪೋಲಾಗುವುದು ತಪ್ಪುತ್ತದೆ ಎಂಬುದನ್ನು ಅವು ತೋರಿಸುತ್ತವೆ. ಮಧ್ಯವರ್ತಿ ಇಲ್ಲವಾದ ಎಂಬುದನ್ನು ತೋರಿಸುವುದಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯಲು ನಡುವೆ ಒಂದು ಊಹೆ ಬೇಕು: ಮಧ್ಯವರ್ತಿ ಮಾಡುವ ಕೆಲಸವೆಂದರೆ ಮಾಹಿತಿಯನ್ನು ಬಚ್ಚಿಟ್ಟು ಮಾರುವುದಷ್ಟೇ ಎಂಬ ಊಹೆ. ಗೊಂದಲ ಇರುವುದು ಇಲ್ಲಿಯೇ. ಮಧ್ಯವರ್ತಿ ಎಂಬ ವ್ಯಕ್ತಿ ಬೇರೆ, ಮಧ್ಯಸ್ಥಿಕೆ ಎಂಬ ಕೆಲಸ ಬೇರೆ. ವ್ಯಕ್ತಿಯನ್ನು ಅಂಗಳದಿಂದ ಹೊರಗೆ ಕಳಿಸಬಹುದು; ಕೆಲಸ ಹಾಗೆ ಹೋಗುವುದಿಲ್ಲ, ಅದನ್ನು ಯಾರಾದರೂ ಮಾಡಬೇಕಾಗುತ್ತದೆ. ಎಪಿಎಂಸಿ ಅಂಗಳದಲ್ಲಿರುವ ದಲ್ಲಾಳಿ ಅಂಗಡಿಯೊಂದು ಮಾಡುವ ಕೆಲಸಗಳನ್ನು ಬಿಡಿಸಿ ಇಟ್ಟರೆ ಕನಿಷ್ಠ ಐದು ಸಿಗುತ್ತವೆ.

1. ಮಾರುವವನನ್ನೂ ಕೊಳ್ಳುವವನನ್ನೂ ಒಂದೆಡೆ ಸೇರಿಸಿ ಅಂದಿನ ಧಾರಣೆಯನ್ನು ತಿಳಿಸುವುದು.

2. ಮಾಲಿನ ಗುಣಮಟ್ಟ, ತೇವಾಂಶ, ತೂಕಗಳ ಬಗ್ಗೆ ಎರಡೂ ಕಡೆಯವರು ಒಪ್ಪುವ ಒಂದು ಮಾತಿಗೆ ಬರುವಂತೆ ಮಾಡುವುದು.

3. ಖರೀದಿದಾರ ಹಣ ಕೊಡಲು ಹದಿನೈದು ದಿನ ತಡಮಾಡಿದರೂ ರೈತನಿಗೆ ಪಟ್ಟಿಯ ಹಣವನ್ನು ತನ್ನ ಕೈಯಿಂದ ಕೊಡುವುದು, ಅಂದರೆ ಬಾಕಿಯ ಅಪಾಯವನ್ನು ತಾನು ಹೊರುವುದು.

4. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ಮುಂಗಡ ಕೊಡುವುದು.

5. ತಕರಾರು ಬಂದಾಗ ಎದುರಿಗೆ ಸಿಗುವುದು.

ಇವುಗಳಲ್ಲಿ ಮೊದಲನೆಯದನ್ನು ಯಂತ್ರ ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಅರೆಬರೆಯಾಗಿ ಮಾಡುತ್ತದೆ. ಉಳಿದ ಮೂರನ್ನು ಯಂತ್ರ ಮಾಡುವುದಿಲ್ಲ. ಯಂತ್ರದ ಹಿಂದಿರುವ ಯಾರೋ ಮಾಡಬೇಕು, ಅವರು ಅದಕ್ಕೆ ಬೆಲೆ ಕೇಳುತ್ತಾರೆ. ವ್ಯವಹಾರ ಮಾಡುವುದಕ್ಕೇ ಒಂದು ವೆಚ್ಚವಿದೆ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರ ತಮ್ಮ ಪ್ರಬಂಧದಲ್ಲಿ ವಾದಿಸಿದರು: ತಕ್ಕ ಬೆಲೆಯನ್ನು ಹುಡುಕಬೇಕು, ಚೌಕಾಸಿ ಮಾಡಬೇಕು, ಕರಾರು ಮಾಡಿಕೊಳ್ಳಬೇಕು. ಡಿಜಿಟಲ್ ತಂತ್ರಜ್ಞಾನ ಹುಡುಕುವ ವೆಚ್ಚವನ್ನು ಬಹುತೇಕ ಸೊನ್ನೆಗೆ ತಂದಿದೆ. ಒಪ್ಪಂದ ಪಾಲನೆಯಾಗುವಂತೆ ನೋಡಿಕೊಳ್ಳುವ ವೆಚ್ಚ ಅಷ್ಟೇ ಪ್ರಮಾಣದಲ್ಲಿ ಇಳಿದಿಲ್ಲ. ದೂರದ ಅಪರಿಚಿತನೊಡನೆ ವ್ಯವಹರಿಸುವಾಗ ಅದು ಏರಲೂಬಹುದು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ನೋಡಬಹುದು. ಚೀಲಗಳು ದಲ್ಲಾಳಿ ಅಂಗಡಿಯ ಮುಂದೆ ಲಾಟುಗಳಾಗಿ ಕೂರುತ್ತವೆ, ಪ್ರತಿ ಲಾಟಿಗೂ ಒಂದು ಸಂಖ್ಯೆ. ಖರೀದಿದಾರರು ಚೀಲದೊಳಕ್ಕೆ ಕೈಹಾಕಿ ಹಿಡಿಕಾಯಿ ತೆಗೆದು ಬಣ್ಣ, ಸುಕ್ಕು, ತೇವ ನೋಡುತ್ತಾರೆ. ಆಮೇಲೆ ದರವನ್ನು ಆನ್‌ಲೈನಿನಲ್ಲಿ ನಮೂದಿಸುತ್ತಾರೆ. ನಿಗದಿತ ಹೊತ್ತಿಗೆ ಟೆಂಡರ್ ತೆರೆದು ಹೆಚ್ಚು ಬರೆದವನ ಹೆಸರಿಗೆ ಲಾಟು ಹೋಗುತ್ತದೆ. ಹಿಂದೆ ಇದ್ದ ಗುಟ್ಟುಗಳಲ್ಲಿ ಹಲವು ಈ ಪದ್ಧತಿಯಲ್ಲಿ ಇಲ್ಲ, ಅದು ನಿಜವಾದ ಲಾಭ. ಆದರೂ 2024ರ ಮಾರ್ಚ್ 11ರಂದು ಇದೇ ಅಂಗಳದಲ್ಲಿ ಧಾರಣೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿಯಿಟ್ಟರು, ಎಪಿಎಂಸಿ ಕಚೇರಿಗೆ ನುಗ್ಗಿದರು. ಹಿಂಸೆಯನ್ನು ಸಮರ್ಥಿಸಲು ಈ ಘಟನೆಯನ್ನು ಇಲ್ಲಿ ತಂದಿಲ್ಲ. ಪರದೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅತಿ ಹೆಚ್ಚು ದರ ಯಾವುದು ಎಂದು ಪರದೆ ಹೇಳುತ್ತದೆ. ಆ ದರ ಬರೆದವರು ಎಷ್ಟು ಮಂದಿ, ಅವರು ನಿಜಕ್ಕೂ ಪರಸ್ಪರ ಪೈಪೋಟಿಯಲ್ಲಿದ್ದಾರೆಯೇ, ನಿನ್ನೆಯ ದರ ಇಂದು ಏಕಿಲ್ಲ ಎಂಬುದನ್ನು ಅದು ರೈತನಿಗೆ ಮನವರಿಕೆ ಮಾಡಿಕೊಡಲಾರದು. ಮೇಲೆ ಹೇಳಿದ 2020ರ ಅಧ್ಯಯನದಲ್ಲೂ ಎಲ್ಲ ಬೆಳೆಗಳಿಗೆ ಏರಿಕೆ ಕಾಣಲಿಲ್ಲ. ಮಾರುಕಟ್ಟೆಯೊಳಗಿನ ಪೈಪೋಟಿ, ಮಾಲಿನ ಗುಣಮಟ್ಟದ ವ್ಯತ್ಯಾಸ, ಸಾಗಣೆಯ ಕಷ್ಟಗಳ ಮೇಲೆ ಫಲ ನಿಂತಿತ್ತು. ಮೂವರು ಖರೀದಿದಾರರಿರುವ ಅಂಗಳಕ್ಕೆ ಅತ್ಯುತ್ತಮ ತಂತ್ರಾಂಶ ಹಾಕಿದರೂ ಖರೀದಿದಾರರು ಮೂವರೇ.

ಮಧ್ಯವರ್ತಿಯನ್ನು ಬೇಕೆಂದೇ ಹೊರಗಿಡಲು ಹೊರಟವರ ಅನುಭವ ಇನ್ನೂ ಹೆಚ್ಚು ಹೇಳುತ್ತದೆ. ಐಟಿಸಿ ಕಂಪನಿ 2000ದಲ್ಲಿ ಮಧ್ಯಪ್ರದೇಶದ ಸೋಯಾ ಬೆಳೆಗಾರರ ನಡುವೆ ಇ-ಚೌಪಾಲ್ ಆರಂಭಿಸಿತು. ಹಳ್ಳಿಯಲ್ಲಿ ಒಬ್ಬ ರೈತನ ಮನೆಯಲ್ಲಿ ಕಂಪ್ಯೂಟರ್ ಇಟ್ಟು ಅವನನ್ನು ಸಂಚಾಲಕ ಎಂದು ಕರೆದರು; ಊರವರು ಅಲ್ಲಿಗೆ ಬಂದು ಧಾರಣೆ ನೋಡಿ ನೇರವಾಗಿ ಕಂಪನಿಗೆ ಮಾರಬಹುದಿತ್ತು. ಮಂಡಿಯ ದಲ್ಲಾಳಿಯ ಅಗತ್ಯ ಇರಬಾರದಿತ್ತು. ಆದರೆ ಹಳ್ಳಿಗಳನ್ನು ತಲುಪಲು, ಸಾಗಣೆ ಏರ್ಪಡಿಸಲು, ನಗದು ನಿಭಾಯಿಸಲು ಕಂಪನಿಗೆ ಕೊನೆಗೆ ಬೇಕಾದವರು ಅದೇ ಮಂಡಿಯ ಹಳೆಯ ಕಮಿಷನ್ ಏಜೆಂಟರು. ಅವರನ್ನು ಸಂಯೋಜಕರು ಎಂಬ ಹೆಸರಿನಲ್ಲಿ ವ್ಯವಸ್ಥೆಯೊಳಕ್ಕೆ ಸೇರಿಸಿಕೊಂಡು ಕಮಿಷನ್ ಕೊಡಲಾಯಿತು. ಆ ಯೋಜನೆ ವಿಫಲವಾಯಿತು ಎಂದು ಇದರ ಅರ್ಥವಲ್ಲ. ಇ-ಚೌಪಾಲ್ ಇದ್ದ ಕಡೆ ಮಂಡಿಗಳಲ್ಲೂ ಸೋಯಾ ಧಾರಣೆ ಅಷ್ಟಿಷ್ಟು ಏರಿತೆಂದು ಅರ್ಥಶಾಸ್ತ್ರಜ್ಞೆ ಅಪರಾಜಿತಾ ಗೋಯಲ್ ತೋರಿಸಿದ್ದಾರೆ. ಧಾರಣೆ ಏರಿದ್ದಕ್ಕೆ ಕಾರಣ ಮಂಡಿಗೆ ಎದುರಾಗಿ ಇನ್ನೊಬ್ಬ ದೊಡ್ಡ ಖರೀದಿದಾರ ಬಂದು ನಿಂತದ್ದು ಮತ್ತು ಬೆಲೆ ಎಲ್ಲರಿಗೂ ಕಂಡದ್ದು. ಮಧ್ಯವರ್ತಿಗಳ ಸಂಖ್ಯೆ ಕಡಿಮೆಯಾದದ್ದಲ್ಲ.

ಸಾಲದ ವಿಷಯವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಬೇಕು, ಏಕೆಂದರೆ ದಲ್ಲಾಳಿಯ ನಿಜವಾದ ಹಿಡಿತ ಇರುವುದು ಅಲ್ಲಿ. ಮುಂಗಡ ಪಡೆದ ರೈತ ಮಾಲನ್ನು ಅದೇ ಅಂಗಡಿಗೆ ತರಬೇಕು. ನೂರು ಮಾರುಕಟ್ಟೆಗಳ ಧಾರಣೆ ಅವನ ಮೊಬೈಲಿನಲ್ಲಿ ಕಂಡರೂ ಅವನ ಗಾಡಿ ಹೋಗುವುದು ಒಂದೇ ಬಾಗಿಲಿಗೆ. ದರದ ಮಾಹಿತಿಯಿಂದ ಈ ಕಟ್ಟು ಬಿಚ್ಚುವುದಿಲ್ಲ, ಬೇರೆ ಸಾಲ ಸಿಕ್ಕರೆ ಮಾತ್ರ ಬಿಚ್ಚುತ್ತದೆ. ಡಿಜಿಟಲ್ ಸಾಲ ಆ ಜಾಗವನ್ನು ತುಂಬುತ್ತದೆ ಎಂದು ಹೇಳುವವರಿದ್ದಾರೆ. ವ್ಯವಹಾರದ ದಾಖಲೆಯೇ ಈಗ ಜಾಮೀನು, ಆಸ್ತಿ ಒತ್ತೆ ಬೇಕಿಲ್ಲ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೆ ಎರಡು ಸಾಲಗಳ ಸ್ವಭಾವ ಒಂದೇ ಅಲ್ಲ. ದಲ್ಲಾಳಿಯ ಬಡ್ಡಿ ದುಬಾರಿ, ಲೆಕ್ಕ ಹಲವು ಬಾರಿ ಮಸುಕು. ಆದರೆ ಮಳೆ ಕೈಕೊಟ್ಟ ವರ್ಷ ಬಾಕಿ ಮುಂದಿನ ಸುಗ್ಗಿಗೆ ಹೋಗುತ್ತದೆ, ಏಕೆಂದರೆ ಮುಂದಿನ ಸುಗ್ಗಿಯ ಮಾಲೂ ಅವನಿಗೆ ಬೇಕು. ಆ್ಯಪ್ ಸಾಲದ ಕಂತು ತಿಂಗಳ ಇಂಥ ತಾರೀಖಿಗೆ ಖಾತೆಯಿಂದ ಕಡಿತವಾಗುತ್ತದೆ, ಸುಗ್ಗಿಗೂ ಅದಕ್ಕೂ ಸಂಬಂಧವಿಲ್ಲ. ಜೊತೆಗೆ ಇಲ್ಲಿ ಕೂಡ ನಡುವೆ ಒಬ್ಬ ಇದ್ದಾನೆ. ಸಾಲದ ಹಣ ಬ್ಯಾಂಕಿನದೋ ಹಣಕಾಸು ಕಂಪನಿಯದೋ ಆಗಿರುತ್ತದೆ, ಗ್ರಾಹಕನನ್ನು ಹಿಡಿದು ತರುವ ಆ್ಯಪ್ ಬೇರೆಯವರದು. ಈ ನಡುವಿನವರ ಹಾವಳಿ ಮಿತಿಮೀರಿದ ಮೇಲೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಸಾಲದ ಹಣ ನೇರವಾಗಿ ಸಾಲಗಾರನ ಖಾತೆಗೇ ಹೋಗಬೇಕು, ಆ್ಯಪ್‌ನವರ ಶುಲ್ಕವನ್ನು ಸಾಲ ಕೊಟ್ಟವರೇ ಭರಿಸಬೇಕು ಎಂದು ಕಟ್ಟುಮಾಡಿತು. ಮಧ್ಯವರ್ತಿ ಇಲ್ಲದ ವ್ಯವಹಾರಕ್ಕೆ ಇಂಥ ನಿಯಮ ಬೇಕಾಗುತ್ತಿರಲಿಲ್ಲ.

ಪಾವತಿಯ ವಿಷಯದಲ್ಲಿ ಪ್ರಚಲಿತ ನಂಬಿಕೆ ತಲೆಕೆಳಗಾಗಿಯೇ ನಿಂತಿದೆ. ಸಂತೆಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟು ಕೊತ್ತಂಬರಿ ಕಟ್ಟು ಕೊಂಡರೆ ಆ ಪಾವತಿಯಲ್ಲಿ ಇರುವವರು ಇಬ್ಬರೇ. ಅದೇ ಹತ್ತು ರೂಪಾಯಿಯನ್ನು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಳಿಸಿದರೆ ಕೊಳ್ಳುವವನ ಆ್ಯಪ್, ಆ ಆ್ಯಪ್‌ಗೆ ಆಸರೆಯಾದ ಬ್ಯಾಂಕು, ಕೊಳ್ಳುವವನ ಖಾತೆಯಿರುವ ಬ್ಯಾಂಕು, ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಮಾರುವವಳ ಬ್ಯಾಂಕು, ಅವಳಿಗೆ ಕ್ಯೂಆರ್ ಫಲಕವನ್ನೂ ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆಯನ್ನೂ ಕೊಟ್ಟ ಕಂಪನಿ, ಇಷ್ಟೂ ಮಂದಿ ನಡುವೆ ಬರುತ್ತಾರೆ. 2016ರ ಏಪ್ರಿಲಿನಲ್ಲಿ ಬಂದ ಯುಪಿಐ ದೊಡ್ಡ ಸಾಧನೆ ಎಂಬುದರಲ್ಲಿ ಅನುಮಾನವಿಲ್ಲ. ಚಿಲ್ಲರೆಯ ರಗಳೆ ತಪ್ಪಿತು, ದೂರದೂರಿಗೆ ಹಣ ಕಳಿಸುವುದು ಕ್ಷಣದ ಕೆಲಸವಾಯಿತು, ದಾಖಲೆ ಉಳಿಯಿತು. ಆದರೆ ಅದು ಮಧ್ಯವರ್ತಿಗಳನ್ನು ತೆಗೆದು ಗೆದ್ದದ್ದಲ್ಲ, ಅರ್ಧ ಡಜನ್ ಮಧ್ಯವರ್ತಿಗಳನ್ನು ಒಂದೇ ನಿಯಮಕ್ಕೆ ಕಟ್ಟಿ ಗೆದ್ದದ್ದು. ವ್ಯಾಪಾರಿಗೆ ಅದು ಪುಕ್ಕಟೆಯಾಗಿ ಕಂಡದ್ದಕ್ಕೂ ತಂತ್ರಜ್ಞಾನ ಕಾರಣವಲ್ಲ: 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ವಸೂಲು ಮಾಡಬಾರದೆಂದು ಕಾನೂನು ಹೇಳಿತು. ವೆಚ್ಚ ಮಾಯವಾಗಲಿಲ್ಲ. ಅದರ ಒಂದು ಭಾಗವನ್ನು ಬ್ಯಾಂಕುಗಳು ನುಂಗುತ್ತಿವೆ, ಒಂದು ಭಾಗಕ್ಕೆ ಕೇಂದ್ರ ಸರ್ಕಾರ ಬೊಕ್ಕಸದಿಂದ ಪ್ರೋತ್ಸಾಹಧನ ಕೊಡುತ್ತಿದೆ. 2024–25ನೇ ಸಾಲಿಗೆ ಸಣ್ಣ ಮೊತ್ತದ ಪಾವತಿಗಳಿಗಾಗಿ ಮಂಜೂರಾದದ್ದು ಸುಮಾರು 1,500 ಕೋಟಿ ರೂಪಾಯಿ.

ಹಳೆಯ ಕೆಲಸಗಳು ಕೈಬದಲಾಗುವುದರ ಜೊತೆಗೆ ಹಳೆಯ ದಲ್ಲಾಳಿಗೆ ಇರದಿದ್ದ ಎರಡು ಅಧಿಕಾರಗಳು ಹೊಸಬರಿಗೆ ಸಿಕ್ಕಿವೆ. ಒಂದು, ಸಾಲಿನಲ್ಲಿ ಯಾರು ಮುಂದೆ ಎಂದು ತೀರ್ಮಾನಿಸುವುದು. ಆನ್‌ಲೈನ್ ಅಂಗಡಿಯಲ್ಲಿ ಒಂದೇ ಬಗೆಯ ಸಾವಿರ ಸರಕುಗಳಿದ್ದರೂ ಗ್ರಾಹಕನ ಕಣ್ಣಿಗೆ ಬೀಳುವುದು ಮೊದಲ ಪರದೆಯ ನಾಲ್ಕೈದು. ಅಲ್ಲಿ ಜಾಗ ಸಿಗಲು ಮಾರಾಟಗಾರ ಜಾಹೀರಾತಿನ ಹಣ ತೆರುತ್ತಾನೆ. ಕಮಿಷನ್ ಶೇ ಇಷ್ಟು ಎಂದು ಪಟ್ಟಿಯಲ್ಲಿ ಬರೆದಿರುತ್ತದೆ, ಮುಂದಿನ ಸಾಲಿನ ಈ ಬಾಡಿಗೆ ಬೇರೆ ಲೆಕ್ಕದಲ್ಲಿರುತ್ತದೆ. ಎರಡು, ದಾಖಲೆಯನ್ನು ಇಟ್ಟುಕೊಳ್ಳುವುದು. ದಲ್ಲಾಳಿಗೆ ತನ್ನ ಅಂಗಡಿಗೆ ಬರುವ ಇನ್ನೂರು ರೈತರ ಕಷ್ಟಸುಖ ಗೊತ್ತಿತ್ತು. ಪಾವತಿ ಕಂಪನಿಗೆ ಕೋಟ್ಯಂತರ ಅಂಗಡಿಗಳ ದಿನವಹಿ ವಹಿವಾಟು ಗೊತ್ತು, ಆ ಅಂಗಡಿಯವರಿಗೆ ಕಂಪನಿಯ ಬಗ್ಗೆ ಏನೂ ಗೊತ್ತಿಲ್ಲ. ಈ ದಾಖಲೆ ಯಾರ ಕೈಗೆ ಹೋಗಬಹುದು ಎಂಬುದು 2025ರ ಜುಲೈನಲ್ಲಿ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ಮನದಟ್ಟಾಯಿತು. ಯುಪಿಐ ಮೂಲಕ ಬಂದ ಮೊತ್ತ ಜಿಎಸ್‌ಟಿ ನೋಂದಣಿಯ ಮಿತಿ ದಾಟಿದೆ ಎಂದು ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಕಂಪನಿಗಳಿಂದ ಪಡೆದ ಅಂಕಿಗಳ ಆಧಾರದಲ್ಲಿ ನೋಟಿಸು ಕಳಿಸಿತು. ಸರಕಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಗೆ 20 ಲಕ್ಷ. ತೆರಿಗೆ ಕೇಳುವುದು ಇಲಾಖೆಯ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ಹಾಲು, ತರಕಾರಿಯಂಥ ವಿನಾಯಿತಿ ಇರುವ ಸರಕಿನ ಹಣ, ಮನೆಯವರು ಕಳಿಸಿದ ಹಣ, ವ್ಯಾಪಾರದ ಹಣ ಎಲ್ಲವೂ ಪರದೆಯ ಮೇಲೆ ಒಂದೇ ಮೊತ್ತವಾಗಿ ಕಾಣುತ್ತದೆ. ಹಲವೆಡೆ ಕ್ಯೂಆರ್ ಫಲಕಗಳು ಒಳಗೆ ಹೋಗಿ, ನಗದು ಮಾತ್ರ ಎಂಬ ಚೀಟಿಗಳು ಹೊರಗೆ ಬಂದವು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೂರು ತೂಕದವು. ಮೊದಲನೆಯದು: ಹೊಸ ಮಧ್ಯವರ್ತಿ ಇದ್ದರೇನಾಯಿತು, ಹಳೆಯವನಿಗಿಂತ ಕಡಿಮೆ ತೆಗೆದುಕೊಂಡರೆ ಸಾಕಲ್ಲ? ಸಾಕು, ಹಾಗೆ ತೆಗೆದುಕೊಳ್ಳುತ್ತಿರುವವರೆಗೆ. ಆದರೆ ಇದು ‘ಮಧ್ಯವರ್ತಿ ಹೋದ’ ಎಂಬ ಮೂಲ ಹೇಳಿಕೆಯನ್ನು ಬಿಟ್ಟುಕೊಟ್ಟು ‘ಅಗ್ಗದ ಮಧ್ಯವರ್ತಿ ಬಂದ’ ಎಂಬ ಬೇರೆಯೇ ಹೇಳಿಕೆಗೆ ಸರಿದಂತೆ. ಆ ಹೇಳಿಕೆಯನ್ನು ಒಂದೊಂದು ಸಂದರ್ಭದಲ್ಲೂ ಲೆಕ್ಕ ಹಾಕಿಯೇ ಸಾಬೀತು ಮಾಡಬೇಕಾಗುತ್ತದೆ. ಲೆಕ್ಕ ಹಾಕುವಾಗ ಮೊದಲ ಎರಡು ವರ್ಷಗಳ ರಿಯಾಯಿತಿಯನ್ನು ನೋಡಿದರೆ ಸಾಲದು. ಬಂಡವಾಳದಾರರ ಹಣದಿಂದ ಕೊಟ್ಟ ರಿಯಾಯಿತಿ ವ್ಯವಸ್ಥೆಯ ದಕ್ಷತೆಗೆ ಸಾಕ್ಷಿಯಾಗದು.

ಎರಡನೆಯದು ಪೈಪೋಟಿಯ ವಾದ: ಒಂದು ಆ್ಯಪ್ ಸುಲಿಗೆ ಮಾಡಿದರೆ ಇನ್ನೊಂದಕ್ಕೆ ಹೋಗಬಹುದು, ಅಳಿಸಿ ಹಾಕಲು ಒಂದು ನಿಮಿಷ ಸಾಕು. ಗ್ರಾಹಕನ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ಮಾರುವವನ ಮಟ್ಟಿಗೆ ಅಲ್ಲ. ಗ್ರಾಹಕರು ಎಲ್ಲಿ ನೆರೆದಿದ್ದಾರೋ ಮಾರುವವನು ಅಲ್ಲೇ ಇರಬೇಕು, ಮಾರುವವರು ಹೆಚ್ಚಿರುವಲ್ಲಿಗೇ ಗ್ರಾಹಕರು ಬರುತ್ತಾರೆ; ಹೀಗೆ ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಅಂಗಳದಲ್ಲಿ ನೂರು ದಲ್ಲಾಳಿ ಅಂಗಡಿಗಳಿದ್ದವು, ದೂರದ ಕಾರಣಕ್ಕೆ ಪ್ರತಿ ತಾಲ್ಲೂಕಿಗೂ ಬೇರೆ ಅಂಗಳವಿತ್ತು. ದೂರವೇ ಇಲ್ಲವಾದಲ್ಲಿ ಇಡೀ ದೇಶಕ್ಕೆ ಎರಡು ಮೂರು ಅಂಗಡಿಗಳು ಸಾಕಾಗುತ್ತವೆ. ಹುಡುಕುವ ವೆಚ್ಚ ಇಳಿದರೆ ಅಧಿಕಾರ ಹಂಚಿಹೋಗುತ್ತದೆ ಎಂಬ ನಿರೀಕ್ಷೆ ತಪ್ಪುವುದು ಈ ಕಾರಣಕ್ಕೆ. ಹಲವು ಆ್ಯಪ್‌ಗಳಿಗೆ ಅವಕಾಶವಿರುವ ಯುಪಿಐನಲ್ಲೇ ಫೋನ್‌ಪೇ ಮತ್ತು ಗೂಗಲ್ ಪೇ ಎರಡರ ಮೂಲಕವೇ ಸುಮಾರು ಶೇ 80ರಷ್ಟು ಪಾವತಿಗಳು ಸಾಗುತ್ತಿವೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ವೇದಿಕೆ ಖಾಸಗಿಯವರದಾಗದೆ ಮುಕ್ತ ಜಾಲವಾದರೆ ಈ ತೊಂದರೆಗಳಿರುವುದಿಲ್ಲ ಎಂಬುದು ಇದರ ತಿರುಳು. 2021ರ ಕೊನೆಯಲ್ಲಿ ಸ್ಥಾಪನೆಯಾದ ಒಎನ್‌ಡಿಸಿ ಎಂಬ ಆನ್‌ಲೈನ್ ವ್ಯಾಪಾರದ ಜಾಲ ಈ ಆಲೋಚನೆಯ ಫಲ: ಕೊಳ್ಳುವವನ ಆ್ಯಪ್, ಮಾರುವವನ ಆ್ಯಪ್, ಸಾಗಣೆ ಮೂರನ್ನೂ ಬೇರ್ಪಡಿಸಿ, ಯಾರು ಯಾರೊಡನೆ ಬೇಕಾದರೂ ವ್ಯವಹರಿಸುವಂತೆ ಸಮಾನ ನಿಯಮ ರೂಪಿಸುವುದು. ದಿಕ್ಕು ಸರಿಯಾಗಿದೆ. ಆದರೆ ಐದು ಕೆಲಸಗಳ ಪಟ್ಟಿಗೆ ಮರಳಿದರೆ ಇಲ್ಲಿನ ತೊಡಕು ತಿಳಿಯುತ್ತದೆ. ಒಡೆದ ಬಾಟಲಿ ಮನೆಗೆ ಬಂದಾಗ ಹೊಣೆ ಕೊಳ್ಳುವವನ ಆ್ಯಪ್‌ನದೋ, ಮಾರುವವನದೋ, ತಂದವನದೋ? ಒಂದೇ ಕಂಪನಿ ಎಲ್ಲವನ್ನೂ ಮಾಡುತ್ತಿದ್ದಾಗ ಬೈಯಲು ಒಂದು ವಿಳಾಸವಿತ್ತು. ಕೆಲಸಗಳನ್ನು ಬೇರ್ಪಡಿಸಿದರೆ ಹೊಣೆಯೂ ಚದುರುತ್ತದೆ, ಅದನ್ನು ಮತ್ತೆ ಒಂದೆಡೆ ತರಲು ನಿಯಮ ಬೇಕು, ನಿಯಮ ನಡೆಸಲು ಜನ ಬೇಕು. ಮುಕ್ತ ಜಾಲ ಒಳ್ಳೆಯ ಮಧ್ಯಸ್ಥಿಕೆಯಾಗಬಹುದು, ಮಧ್ಯಸ್ಥಿಕೆಯೇ ಇಲ್ಲದ ಸ್ಥಿತಿಯಾಗಲಾರದು.

ಹೀಗೆ ನೋಡಿದಾಗ ಕೇಳಬೇಕಾದ ಪ್ರಶ್ನೆ ಬೇರೆ: ಮಧ್ಯದಲ್ಲಿ ಯಾರಿದ್ದಾರೆ, ಎಷ್ಟು ತೆಗೆದುಕೊಳ್ಳುತ್ತಾರೆ, ಅದನ್ನು ಯಾರು ತೀರ್ಮಾನಿಸಿದರು? ಬೆಂಗಳೂರಿನ ಆಟೊಗಳಲ್ಲಿ ಉತ್ತರ ಸ್ಪಷ್ಟವಾಗಿ ಸಿಗುತ್ತದೆ, ಏಕೆಂದರೆ ಅಲ್ಲಿ ತಂತ್ರಜ್ಞಾನ ಬದಲಾಗದೆ ಏರ್ಪಾಡು ಮಾತ್ರ ಬದಲಾಯಿತು. ಪ್ರತಿ ಸವಾರಿಯಿಂದ ಆ್ಯಪ್ ಕಂಪನಿಗಳು ಹಿಡಿಯುವ ದೊಡ್ಡ ಪಾಲಿನ ಬಗ್ಗೆ ಚಾಲಕರ ಅಸಮಾಧಾನ ಹೊಗೆಯಾಡುತ್ತಿತ್ತು. 2022ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಸೇವಾ ಶುಲ್ಕವನ್ನು ಶೇ 5 ಮತ್ತು ಅದರ ಮೇಲಿನ ತೆರಿಗೆಗೆ ಸೀಮಿತಗೊಳಿಸಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಶುಲ್ಕ ನಿಗದಿಯಾದ ಅದೇ ತಿಂಗಳು ಚಾಲಕರ ಸಂಘಟನೆಯ ಬೆಂಬಲದೊಡನೆ ಕಮಿಷನ್ ಇಲ್ಲದ ‘ನಮ್ಮ ಯಾತ್ರಿ’ ಬಂತು, ಮುಂದೆ ಅದು ದಿನಕ್ಕೆ 25 ರೂಪಾಯಿಯ ಚಂದಾಕ್ಕೆ ಹೊರಳಿತು. ಆಮೇಲೆ ಓಲಾ, ಊಬರ್ ಕೂಡ ಆಟೊಗಳಿಗೆ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂದವು. ಅದೇ ನಕ್ಷೆ, ಅದೇ ಮೊಬೈಲು, ಅದೇ ಚಾಲಕ. ಬದಲಾದದ್ದು ಪೈಪೋಟಿ ಮತ್ತು ನಿಯಮ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆಯ ಹಾದಿಯೂ ಇದೇ: ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ಕಂಪನಿ ಕಟ್ಟಬೇಕು, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕಾರ್ಮಿಕನಿಗೆ ತಿಳಿಸಬೇಕು.

ಇಂಥ ನಿಯಮಗಳೆಲ್ಲ ಇಷ್ಟೇ ಬೇಗ ಜಾರಿಯಾಗುವುದಿಲ್ಲ. ಯುಪಿಐನಲ್ಲಿ ಯಾವ ಆ್ಯಪ್ ಕೂಡ ಒಟ್ಟು ಪಾವತಿಗಳ ಶೇ 30ಕ್ಕಿಂತ ಹೆಚ್ಚು ಪಾಲು ಹೊಂದಬಾರದೆಂದು ಪಾವತಿ ನಿಗಮ 2020ರ ನವೆಂಬರಿನಲ್ಲೇ ಪ್ರಕಟಿಸಿತ್ತು. ದೊಡ್ಡ ಆ್ಯಪ್‌ಗಳಿಗೆ ಹೊಂದಿಕೊಳ್ಳಲು ಎರಡು ವರ್ಷ ಕೊಟ್ಟರು, 2022ರ ಡಿಸೆಂಬರಿನಲ್ಲಿ ಇನ್ನೆರಡು ವರ್ಷ ಮುಂದೂಡಿದರು, 2024ರ ಡಿಸೆಂಬರಿನಲ್ಲಿ ಮತ್ತೆ ಮುಂದೂಡಿ 2026ರ ಡಿಸೆಂಬರ್ 31ರ ಗಡುವು ಇಟ್ಟರು.